ಹುಣಸೆಹಣ್ಣಲ್ಲಿ ತೊಳೆದ ಖೋಖಾಗಳು

ಆ ಗುರುವಾರ ಮಧ್ಯಾಹ್ನ ನಾನು ತೊಂಬತ್ತಾರು ಖೋಖಾಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಮೂರು ನೀರಲ್ಲಿ ತೊಳೆದು, ದೊಡ್ಡಪ್ಪನ ಹಿತ್ತಲಿನ ಒಗೆಯೋ ಕಲ್ಲಿನ ಮೇಲೆ ಬಿಸಿಲಿಗೆ ಸಾಲಾಗಿ ನಿಲ್ಲಿಸಿದ್ದೆ. ಹೊಸದಾಗಿ ಟಂಕಿಸಿದ ಹಾಗೆ ಹೊಳೀತಿದ್ದವು. ನನಗೆ ನನ್ನ ಕೆಲಸದ ಬಗ್ಗೆ ಬಹಳ ಮೆಚ್ಚುಗೆಯಾಗಿತ್ತು.

ಖೋಖಾ ಅಂದರೆ ಗುಂಡು ಹಾರಿದ ಮೇಲೆ ರೈಫಲ್ಲಿನಿಂದ ಆಚೆ ಬೀಳುತ್ತಲ್ಲ, ಆ ಖಾಲಿ ಹಿತ್ತಾಳೆ ಕೊಳವೆ. ಫೌಜಿನ ಮಾತು ಅದು. ದೊಡ್ಡಪ್ಪ ಸೈನ್ಯದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಬಂದೂಕು ರಿಪೇರಿ ಮಾಡಿದವರು. ನಿವೃತ್ತಿಯಾದ ಮೇಲೆ ದೊಡ್ಡಬೆಳವಂಗಲದ ಹೊಲವನ್ನು ತಮ್ಮನಿಗೆ, ಅಂದರೆ ನಮ್ಮಪ್ಪನಿಗೆ, ನೋಡಿಕೋ ಅಂತ ಬಿಟ್ಟು ದೊಡ್ಡಬಳ್ಳಾಪುರದಲ್ಲೇ ಮನೆ ಮಾಡಿಕೊಂಡರು. ತೂಬಗೆರೆ ಕಡೆ ಹೋಗೋ ದಾರಿಯಲ್ಲಿ, ಹಳೇ ಕಲ್ಲುಕ್ವಾರಿಯೊಳಗೆ ಇರೋ ಒಂದು ರೈಫಲ್ ಕ್ಲಬ್ಬಿಗೆ ಆಯುಧಗಳ ಉಸ್ತುವಾರಿ ಅವರದೇ. ಕ್ಲಬ್ಬಿಗೆ ಪರವಾನಗಿ ಇದೆ, ತೋಟಾ ಮರುತುಂಬೋ ಕೆಲಸ, ಅಂದರೆ ಹಾರಿದ ಖೋಖಾಗೆ ಮತ್ತೆ ಮದ್ದು ಗುಂಡು ಹಾಕೋದು, ಅಲ್ಲಿನ ಬೀಗ ಹಾಕಿದ ಕೋಣೆಯಲ್ಲೇ ಆಗಬೇಕು. ಆದರೆ ಖಾಲಿ ಖೋಖಾಗಳನ್ನ ರಿಜಿಸ್ಟರಿನಲ್ಲಿ ಸಹಿ ಹಾಕಿ ಮನೆಗೆ ತಂದು, ಆರಿಸಿ, ಮತ್ತೆ ವಾಪಸ್ ಒಯ್ಯೋದು ಅವರ ಅಭ್ಯಾಸ. ಮನೆಯ ಬೆಳಕು ಚೆನ್ನಾಗಿದೆ ಅಂತಾರೆ. ದೊಡ್ಡಮ್ಮನ ಕಾಫಿ ಚೆನ್ನಾಗಿದೆ ಅನ್ನೋದು ನಿಜವಾದ ಕಾರಣ.

ಅವರ ಮಗಳು, ನನ್ನ ಅಕ್ಕ, ಆ ಕ್ಲಬ್ಬಿನಲ್ಲೇ ಬೆಳೆದ ಶೂಟರ್. ಆ ಭಾನುವಾರ ಅವಳಿಗೆ ಮುನ್ನೂರು ಮೀಟರಿನ ಪಂದ್ಯ. ನಲವತ್ತು ಗುಂಡು. ನಿಗದಿಯಾದ ಅಂಕ ಬಂದರೆ ಮುಂದಿನ ಹಂತಕ್ಕೆ, ಬರದಿದ್ದರೆ ಇನ್ನು ಆರು ತಿಂಗಳು ಕಾಯಬೇಕು. ನಾನು ಕಾಲೇಜಿನ ಪರೀಕ್ಷೆ ಮುಗಿಸಿ ಸುಮ್ಮನೆ ಬಂದಿದ್ದೆ, ಏನಾದ್ರೂ ಸಹಾಯ ಮಾಡ್ತೀನಿ ಅಂದೆ. ಅಕ್ಕ, "ಮಾತಾಡದೆ ಇರು, ಅದೇ ದೊಡ್ಡ ಸಹಾಯ" ಅಂದಳು.

ಮಾತಾಡದೇ ಇರೋದಕ್ಕೆ ನಾನು ಕೈಗೆ ಕೆಲಸ ಹುಡುಕಿಕೊಂಡೆ. ಗುರುವಾರ ದೀಪ, ಗಂಟೆ, ಆರತಿ ತಟ್ಟೆ ಎಲ್ಲ ತೊಳೆದು ಶುಕ್ರವಾರಕ್ಕೆ ಸಿದ್ಧ ಮಾಡೋದು ನಮ್ಮ ಮನೆಗಳಲ್ಲಿ ಇದ್ದದ್ದೇ. ದೊಡ್ಡಮ್ಮನ ಕೈಯಿಂದ ಹುಣಸೆಹಣ್ಣಿನ ಬಟ್ಟಲು ಕಿತ್ತುಕೊಂಡು ನಾನೇ ಕೂತೆ. ದೀಪ ಮುಗೀತು. ಪಕ್ಕದಲ್ಲೇ ಜಗಲಿ ಮೇಲೆ ಖೋಖಾಗಳ ಚೀಲ. ಇಣುಕಿದೆ. ಥೂ, ಎಷ್ಟು ಕೊಳಕು. ಕುತ್ತಿಗೆ ಹತ್ತಿರ ನೀಲಿ, ಕಂದು, ನೇರಳೆ ಬಣ್ಣದ ಸುಟ್ಟ ಕಲೆ. ಬುಡದಲ್ಲಿ ಯಾರೋ ಪೆನ್ನಿನಲ್ಲಿ ಗೀಚಿದ ಚುಕ್ಕೆಗಳು. ಹಿತ್ತಾಳೆ ತಾನೇ? ಹುಣಸೆಹಣ್ಣಿಗೆ ಬಗ್ಗದ ಹಿತ್ತಾಳೆ ನಮ್ಮ ವಂಶದಲ್ಲೇ ಇಲ್ಲ.

ಸಂಜೆ ದೊಡ್ಡಪ್ಪ ಬಂದರು. ಕಲ್ಲಿನ ಮುಂದೆ ನಿಂತರು. ಒಂದನ್ನ ಎತ್ತಿ ಬುಡ ನೋಡಿದರು. ಇನ್ನೊಂದನ್ನ ಎತ್ತಿ ಬುಡ ನೋಡಿದರು. ಆಮೇಲೆ ಕಲ್ಲಿನ ಅಂಚಿನ ಮೇಲೆ ನಿಧಾನಕ್ಕೆ ಕೂತ್ಕೊಂಡ್ಬಿಟ್ಟರು.

"ಲಾಯರಮ್ಮಾ," ಅಂದರು. ಕಾನೂನು ಪುಸ್ತಕ ನಾನು ಮುಟ್ಟಿಯೂ ಇಲ್ಲ. ಚರ್ಚಾ ಸ್ಪರ್ಧೆಗಳಲ್ಲಿ ಒಂದೆರಡು ಬಹುಮಾನ ಗೆದ್ದ ಮೇಲೆ ಅವರು ಇಟ್ಟ ಹೆಸರು ಅದು. "ಇದು ಯಾರು ಮಾಡಿದ್ದು?"

"ನಾನೇ ದೊಡ್ಡಪ್ಪ. ಎಲ್ಲ ಕೊಳೆ ಹೋಯ್ತು."

"ಹೋಯ್ತು ಕಣವ್ವ. ಎಲ್ಲಾ ಹೋಯ್ತು."

ಒಳಗಿಂದ ಬಂದ ಅಕ್ಕ ಒಂದು ನೋಟ ನೋಡಿದವಳೇ, "ಲೇ! ನನ್ನ ಪಂದ್ಯದ ಖೋಖಾ ಕಣೇ ಅವು!" ಅಂತ ಕಿರುಚಿದಳು. "ಸಾರು ಮಾಡ್ಬಿಟ್ಟಿದ್ದೀಯಲ್ಲೇ!"

ವಿಷಯ ಏನು ಅಂತ ಆಮೇಲೆ ತಿಳೀತು. ಬುಡದ ಚುಕ್ಕೆ ಗೀಚಾಟ ಅಲ್ಲ, ಲೆಕ್ಕ. ಒಂದು ಖೋಖಾ ಒಂದು ಸಲ ಹಾರಿದರೆ ಒಂದು ಚುಕ್ಕೆ. ಎರಡು ಚುಕ್ಕೆಯದು ಎಳೇದು, ಏಳು ಚುಕ್ಕೆಯದು ಮುದಿ. ಕುತ್ತಿಗೆಯ ನೀಲಿ ಕಲೆ ಮಸಿಯೂ ಅಲ್ಲ. ತಯಾರಿಸಿದವರೇ ಕುತ್ತಿಗೆಯನ್ನ ಹದವಾಗಿ ಬೆಂಕಿಗೆ ಹಿಡಿದು ಮೆದು ಮಾಡಿರೋದಕ್ಕೆ ಸಾಕ್ಷಿ ಅದು, ಬೇಕೂಂತಲೇ ಒರೆಸದೆ ಬಿಟ್ಟಿರ್ತಾರೆ. ತೊಂಬತ್ತಾರರಲ್ಲಿ ಯಾವುದು ಎಳೇದು, ಯಾವುದು ಮುದಿ, ಈಗ ಯಾರಿಗೂ ಗೊತ್ತಿಲ್ಲ. ನಾನು ತೊಂಬತ್ತಾರು ಜನರ ಜಾತಕ ತೊಳೆದು ಚರಂಡಿಗೆ ಬಿಟ್ಟಿದ್ದೆ.

"ಬೇರೆ ಖೋಖಾ ಇಲ್ವಾ?" ಅಂತ ಕೇಳಿದೆ, ಧ್ವನಿ ಸ್ವಲ್ಪ ಇಳಿಸಿ.

"ಕ್ಲಬ್ಬಲ್ಲಿ ಒಂದು ಡಬ್ಬಿ ತುಂಬ ಅವೆ," ಅಂದರು ದೊಡ್ಡಪ್ಪ. "ನಾಲ್ಕು ಥರದ ಕಂಪ್ನಿ ಮುದ್ರೆ, ನಾಲ್ಕು ಥರದ ದಪ್ಪ. ಅದ್ರಲ್ಲಿ ಹೊಡೆದ್ರೆ ಒಂದು ಗುಂಡು ಮೇಲೆ, ಒಂದು ಕೆಳಗೆ. ಇವು ತೊಂಬತ್ತಾರೂ ಒಂದೇ ಕಡೆ, ಒಂದೇ ಸಲಕ್ಕೆ ಹುಟ್ಟಿದವು. ಅವಳ ರೈಫಲ್ಲು ಇವುಕ್ಕೇ ಒಗ್ಗೈತೆ."

ನನ್ನ ತಪ್ಪು ನಾನೇ ಸರಿ ಮಾಡ್ತೀನಿ ಅಂತ ಹೊರಟೆ. ನಮ್ಮಂಥವರಿಗೆ ತಪ್ಪು ಒಪ್ಪಿಕೊಳ್ಳೋದಕ್ಕಿಂತ ಪರಿಹಾರ ಸೂಚಿಸೋದು ಸುಲಭ. ಮಾರನೇ ದಿನ ಬೆಳಿಗ್ಗೆ ಪರಿಚಯದ ಚಿನ್ನ ಬೆಳ್ಳಿ ಅಂಗಡಿಯವರ ಹತ್ತಿರ ಡಿಜಿಟಲ್ ತಕ್ಕಡಿ ಬೇಡಿ ತಂದೆ. ತೊಂಬತ್ತಾರನ್ನೂ ತೂಗಿದೆ. ಹಗುರಾದವು ಒಂದು ಕಡೆ, ಭಾರ ಇರೋವು ಒಂದು ಕಡೆ. ಮುದಿ ಖೋಖಾ ಸವೆದಿರುತ್ತೆ, ಸವೆದಿದ್ದು ಹಗುರ ಆಗಿರುತ್ತೆ, ಹಗುರಾದದ್ದು ತೆಗೆಯೋಣ. ಮೂರು ಹೆಜ್ಜೆಯ ತರ್ಕ. ಎದುರಾಳಿ ಬಾಯಿ ಬಿಡೋ ಹಾಗಿಲ್ಲ ಅಂದುಕೊಂಡೆ.

ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟು, "ನಿನ್ನ ತಕ್ಕಡಿ ಹಿತ್ತಾಳೆ ಎಷ್ಟೈತೆ ಅಂತ ಹೇಳುತ್ತೆ. ಎಲ್ಲೈತೆ ಅಂತ ಹೇಳಲ್ಲ" ಅಂದರು.

"ಅಂದ್ರೆ?"

"ಹಿತ್ತಾಳೆ ಹರಿಯುತ್ತೆ ಕಣವ್ವ."

ಲೋಹ ಹರಿಯುತ್ತಂತೆ. ನಾನು ನಕ್ಕೆ. ಅವರು ನಗಲಿಲ್ಲ. ಒಂದು ಖೋಖಾ ಅಂಗೈ ಮೇಲಿಟ್ಟುಕೊಂಡು ಹೇಳಿದರು. ರೈಫಲ್ಲಿನ ಕುದುರೆ ಎಳೆದಾಗ ಒಳಗೆ ಮದ್ದು ಹೊತ್ತಿಕೊಳ್ಳುತ್ತೆ. ಆ ಕ್ಷಣ ಖೋಖಾ ಉಬ್ಬಿ ರೈಫಲ್ಲಿನ ಗೋಡೆಗೆ ಅಂಟಿಕೊಂಡು ಬಾಗಿಲು ಮುಚ್ಚಬೇಕು, ಹೊಗೆ ಬೆಂಕಿ ಹಿಂದಕ್ಕೆ ಬರಬಾರದು. ಗುಂಡು ಹೋದ ತಕ್ಷಣ ತಾನು ಕುಗ್ಗಿ ಗೋಡೆ ಬಿಡಬೇಕು, ಇಲ್ಲದಿದ್ದರೆ ಈಚೆಗೆ ಬರಲ್ಲ. ಕಬ್ಬಿಣ ಉಬ್ಬೋಕೆ ಒಪ್ಪಲ್ಲ, ಸೀಸ ಕುಗ್ಗೋಕೆ ಒಪ್ಪಲ್ಲ. ಎರಡಕ್ಕೂ ಹೂಂ ಅನ್ನೋದು ಒಳ್ಳೇ ಹಿತ್ತಾಳೆ. ಆದರೆ ಪ್ರತಿ ಸಲ ಉಬ್ಬಿ ಕುಗ್ಗಿದಾಗಲೂ ಅದು ಬುಡದಿಂದ ಕೂದಲೆಳೆಯಷ್ಟು ಮುಂದಕ್ಕೆ, ಕುತ್ತಿಗೆ ಕಡೆಗೆ ಸರಿಯುತ್ತೆ. ನಾದಿದ ಹಿಟ್ಟನ್ನ ಎಳೆದ ಹಾಗೆ. ತೂಕ ಅಷ್ಟೇ ಇರುತ್ತೆ. ಬುಡದಿಂದ ಒಂದು ಬೆರಳು ಮೇಲೆ, ಒಳಗಡೆ, ಉಂಗುರದ ಥರ ಒಂದು ತೆಳು ಗೆರೆ ಬೀಳುತ್ತೆ. ಹೊರಗೆ ಕಾಣಲ್ಲ. ಒಂದಿನ ಅಲ್ಲೇ ಎರಡಾಗುತ್ತೆ.

"ಎರಡಾದ್ರೆ?"

"ಆ ಬೆಂಕಿ ಎಲ್ಲಿಗೆ ಬರುತ್ತೆ? ಕೆನ್ನೆ ಎಲ್ಲಿರುತ್ತೆ, ಯೋಚನೆ ಮಾಡು."

ಅಕ್ಕ ಎದುರಿಗೇ ಕೂತು ರೈಫಲ್ಲಿನ ಬೆಲ್ಟಿಗೆ ಎಣ್ಣೆ ಹಚ್ಚುತ್ತಿದ್ದಳು. ಅವಳ ಬಲಗೆನ್ನೆ ನೋಡಿದೆ. ಗುರಿ ಹಿಡಿಯೋವಾಗ ಅವಳ ಕಣ್ಣಿಂದ ಆ ಹಿತ್ತಾಳೆಗೆ ಒಂದು ಗೇಣೂ ಇರಲ್ಲ.

"ಹಾಗಾದ್ರೆ ಒಳಗಿನ ಗೆರೆ ನಿಮಗೆ ಹೇಗೆ ಕಾಣುತ್ತೆ?" ಅಂದೆ.

ಅವರು ಷರ್ಟಿನ ಜೇಬಿನಿಂದ ಒಂದು ಸೈಕಲ್ ಕಡ್ಡಿ ತೆಗೆದರು. ಗಟ್ಟಿ ಮಾಡಿ, ತುದಿಯನ್ನ ಉಜ್ಜಿ ಚೂಪು ಮಾಡಿ, ಪಾರಿವಾಳದ ಉಗುರಿನ ಹಾಗೆ ಬಗ್ಗಿಸಿದ್ದರು. ಅದನ್ನ ಖೋಖಾದೊಳಗೆ ಬುಡದವರೆಗೆ ಇಳಿಬಿಟ್ಟು, ಗೋಡೆಗೆ ಒತ್ತಿ, ಮೆಲ್ಲಗೆ ಮೇಲಕ್ಕೆ ಎಳೆದರು. ಕಣ್ಣು ಎಲ್ಲೋ ಇತ್ತು. "ಇಡು," ಅಂದರು. ಇನ್ನೊಂದು. "ತೆಗೆ." ಇನ್ನೊಂದು. "ಇಡು."

ಕೂದಲಿಗಿಂತ ಸಣ್ಣ ತಗ್ಗು ಬೆರಳಿಗೆ ತಿಳಿಯುತ್ತಂತೆ! ಅನುಭವ ಇದೆ, ನಂಬು ಅಂತ ಯಾರಾದರೂ ಹೇಳಿದರೆ ನನಗೆ ಮೊದಲು ಬರೋದು ಆಕಳಿಕೆ, ಆಮೇಲೆ ಬರೋದು ಪ್ರಶ್ನೆ. ಅನುಭವ ಇರೋರು ಎಷ್ಟು ಆತ್ಮವಿಶ್ವಾಸದಿಂದ ತಪ್ಪು ಹೇಳ್ತಾರೆ ಅಂತ ನೋಡಿದ್ದೀನಿ. ನೇರವಾಗಿ ಹೇಳಿದೆ: "ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ. ನೀವು ಸುಮ್ನೆ ಬಾಯಿಗೆ ಬಂದಿದ್ದು ಹೇಳ್ತಿಲ್ಲ ಅಂತ ಏನು ಗ್ಯಾರಂಟಿ?"

ಒಳಗಿಂದ ದೊಡ್ಡಮ್ಮ, "ಅಯ್ಯೋ, ಇವಳ ನಾಲಿಗೆಗೂ ಒಂದು ಸ್ವಲ್ಪ ಹುಣಸೆಹಣ್ಣು ಹಚ್ರೋ" ಅಂದರು.

ದೊಡ್ಡಪ್ಪ ಮಾತ್ರ ಖುಷಿಯಾದರು. "ಪರೀಕ್ಷೆ ಮಾಡು ಮತ್ತೆ."

ಮಾಡಿದೆ. ಇಪ್ಪತ್ತು ಖೋಖಾ ಆರಿಸಿ, ಬುಡಕ್ಕೆ ಚಿಕ್ಕ ಚೀಟಿ ಅಂಟಿಸಿ ನಂಬರು ಬರೆದೆ. ದೊಡ್ಡಪ್ಪನ ಕಣ್ಣಿಗೆ ಟವೆಲ್ ಕಟ್ಟಿದೆ. ಒಂದೊಂದೇ ಕೈಗೆ ಕೊಟ್ಟೆ. ಅವರು ಇಡು, ತೆಗೆ ಅನ್ನುತ್ತಾ ಹೋದರು, ನಾನು ಬರೆದುಕೊಂಡೆ. ಇಪ್ಪತ್ತೂ ಆದ ಮೇಲೆ ಹೇಳದೇ ಕೇಳದೇ ಕಲೆಸಿ ಮತ್ತೆ ಮೊದಲಿಂದ ಕೊಟ್ಟೆ. ಬಾಯಿಗೆ ಬಂದದ್ದು ಹೇಳುವವರಾದರೆ ಎರಡನೇ ಸುತ್ತಲ್ಲಿ ಸಿಕ್ಕಿಬೀಳಲೇಬೇಕು.

ಎರಡು ಪಟ್ಟಿ ಪಕ್ಕಪಕ್ಕ ಇಟ್ಟೆ. ಹತ್ತೊಂಬತ್ತು ಹಾಗ್ಹಾಗೇ ಕೂತವು. ಎರಡು ಸಲ ನೋಡಿದೆ, ಅಕ್ಕನ ಕೈಲೂ ನೋಡಿಸಿದೆ. ಹತ್ತೊಂಬತ್ತು. ಅದು ಸಣ್ಣ ಮಾತಲ್ಲ ಅಂತ ಈಗ ಒಪ್ಪಿಕೊಳ್ತೀನಿ. ಆಗ ನನ್ನ ಕಣ್ಣು ಹೋದದ್ದು ಹೊಂದದೆ ಉಳಿದ ಆ ಒಂದರ ಮೇಲೆ.

"ಹದಿನಾಲ್ಕನೇ ನಂಬರು! ಮೊದಲನೇ ಸಲ ಇಡು ಅಂದಿದ್ದೀರಿ, ಎರಡನೇ ಸಲ ತೆಗೆ ಅಂದಿದ್ದೀರಿ. ಈಗ ಹೇಳಿ, ಯಾವುದು ನಿಜ?"

ದೊಡ್ಡಪ್ಪ ಟವೆಲ್ ಬಿಚ್ಚಿ ಕಣ್ಣುಜ್ಜಿಕೊಂಡರು. "ಹಂಗಾದ್ರೆ ಅದು ತೆಗೆ."

"ಯಾಕೆ? ಅರ್ಧ ಇಡು, ಅರ್ಧ ತೆಗೆ. ಅನುಮಾನದ ಲಾಭ ಕೊಡಬೇಕಲ್ವಾ?"

"ಯಾರಿಗೆ ಕೊಡ್ತೀಯ ಲಾಭ? ಹಿತ್ತಾಳೆಗಾ, ಅವಳ ಕಣ್ಣಿಗಾ?"

ನಾನು ಎಷ್ಟೋ ವೇದಿಕೆಗಳಲ್ಲಿ ಎದುರಾಳಿಯ ಪ್ರಶ್ನೆಗೆ ಪ್ರತಿಪ್ರಶ್ನೆ ಹಾಕಿದವಳು. ಇಲ್ಲಿ ಪಟ್ಟಿ ಎಳೆದುಕೊಂಡು ಹದಿನಾಲ್ಕರ ಮುಂದಿದ್ದ ಇಡು ಅನ್ನೋದನ್ನ ಹೊಡೆದುಹಾಕಿದೆ. ದೊಡ್ಡಪ್ಪ ಬಲಗೆನ್ನೆಯ ಮೇಲೆ, ಮೂಳೆಯ ಕೆಳಗೆ, ಕಡಲೆಕಾಳಿನಷ್ಟು ದೊಡ್ಡ ಒಂದು ಗುರುತನ್ನ ಉಜ್ಜಿಕೊಂಡರು. ಅದನ್ನ ಚಿಕ್ಕಂದಿನಿಂದ ನೋಡಿದ್ದೆ, ಮೊಡವೆ ಕಲೆ ಅಂತಲೇ ತಿಳಿದಿದ್ದೆ.

"ಇದು ಒಂದು ಖೋಖಾ ಕೊಟ್ಟಿದ್ದು," ಅಂದರು. "ಆಗ ವಯಸ್ಸು. ಕಡ್ಡಿ ಹಾಕಿದೆ, ಏನೋ ಒಂಚೂರು ತಡೀತು. ಪರವಾಗಿಲ್ಲ, ನಡೆಯುತ್ತೆ ಅಂದೆ. ಪುಣ್ಯಕ್ಕೆ ಅದನ್ನ ಹೊಡೆದವನೂ ನಾನೇ. ಬೇರೆಯವರಿಗೆ ಕೊಟ್ಟಿದ್ರೆ ಇವತ್ತು ಈ ಕೆಲಸ ಮಾಡ್ತಿರಲಿಲ್ಲ."

ಇದನ್ನ ಅವರು ಯಾವತ್ತೂ ಮನೆಯಲ್ಲಿ ಹೇಳಿರಲಿಲ್ಲ. ಅಕ್ಕನ ಎಣ್ಣೆ ಬಟ್ಟೆ ನಿಂತುಹೋಯಿತು.

"ಕತ್ತರಿಸಿ ನೋಡೋಣ," ಅಂತ ಅವರೇ ಎದ್ದರು. ನಾನು ಕೇಳೋ ಮುಂಚೆ. ಬೆಂಚಿಗೆ ಬಿಗಿದ ಕಬ್ಬಿಣದ ಹಿಡಿತದಲ್ಲಿ ಸಿಗಿಸಿ, ಆಕ್ಸಾ ಬ್ಲೇಡಿನಲ್ಲಿ ಮೂರು ಖೋಖಾಗಳನ್ನ ಉದ್ದಕ್ಕೆ, ಕಡ್ಲೆಕಾಯಿ ಸೀಳಿದ ಹಾಗೆ ಸೀಳಿದರು. ಇಡು ಅಂದಿದ್ದು ಒಂದು, ತೆಗೆ ಅಂದಿದ್ದು ಒಂದು, ಮತ್ತೆ ಹದಿನಾಲ್ಕನೇ ನಂಬರು. ಹಿತ್ತಲಿನ ಬಿಸಿಲಿಗೆ ಹಿಡಿದರು.

ಇಡು ಅಂದಿದ್ದರ ಗೋಡೆ ಬುಡದಲ್ಲಿ ದಪ್ಪ ಇದ್ದು ಮೇಲಕ್ಕೆ ಹೋಗ್ತಾ ಹೋಗ್ತಾ ಸಣ್ಣಗಾಗಿತ್ತು. ಎಲ್ಲೂ ತಡೆಯಿಲ್ಲ, ಅಷ್ಟು ನುಣುಪು. ತೆಗೆ ಅಂದಿದ್ದರಲ್ಲಿ ಬುಡದಿಂದ ಒಂದು ಬೆರಳು ಮೇಲೆ ಉಗುರು ಒತ್ತಿದ ಹಾಗೆ ತಗ್ಗು, ಅಲ್ಲಿ ಗೋಡೆ ಕಾಗದದಷ್ಟೇ ಉಳಿದಿತ್ತು. ಹದಿನಾಲ್ಕರಲ್ಲಿ ಮೊದಲು ಏನೂ ಕಾಣಲಿಲ್ಲ. ಓರೆ ಮಾಡಿದೆ. ಬೆಳಕು ಒಂದು ಕಡೆ ಚೂರು ಮುರಿಯಿತು. ಕೆರೆ ನೀರಿನ ಮೇಲೆ ಗಾಳಿ ಶುರುವಾಗೋ ಮುಂಚಿನ ಒಂದೇ ಒಂದು ಗೆರೆ. ಒಂದು ಲೋಹ ಮುರಿಯೋಕೆ ಮನಸ್ಸು ಮಾಡ್ತಿರೋ ಕ್ಷಣವನ್ನ ನಾನು ಕಣ್ಣಾರೆ ನೋಡುತ್ತಿದ್ದೆ, ಮತ್ತು ಒಬ್ಬ ಮನುಷ್ಯ ಅದನ್ನ ಕತ್ತಲಲ್ಲಿ, ಸೈಕಲ್ ಕಡ್ಡಿಯ ತುದಿಯಲ್ಲಿ, ಹೌದೋ ಅಲ್ಲವೋ ಅನ್ನೋ ಮಟ್ಟಿಗೆ ಕೇಳಿಸಿಕೊಂಡಿದ್ದ. ಆ ಸೀಳನ್ನ ಕೆಳಗಿಡೋಕೆ ಮನಸ್ಸು ಬರಲಿಲ್ಲ. ಅಕ್ಕ ಕೈಯಿಂದ ಕಿತ್ತುಕೊಂಡಳು, ಅವಳೂ ಬಹಳ ಹೊತ್ತು ನೋಡಿದಳು.

"ಏನು ಲಾಯರಮ್ಮಾ, ಮಾತೇ ಇಲ್ಲ?" ಅಂದರು ದೊಡ್ಡಪ್ಪ.

"ಕಡ್ಡಿ ಕೊಡಿ. ನನಗೂ ಹೇಳಿಕೊಡಿ."

ಶುಕ್ರವಾರ ಮಧ್ಯಾಹ್ನದಿಂದ ಶನಿವಾರದವರೆಗೆ ಮೂವರೂ ಜಗಲಿ ಮೇಲೆ ಕೂತೆವು. ದೊಡ್ಡಮ್ಮನ ಅಕ್ಕಿ ಮೊರದಲ್ಲೇ ಖೋಖಾ ಹರಡಿಕೊಂಡೆವು. ಮೊದಲು ಕಿವಿ: ನಾಲ್ಕೈದನ್ನ ಬೊಗಸೆಯಲ್ಲಿ ಕುಲುಕಬೇಕು. ಗಡಿಗೆ ಕೊಳ್ಳೋವಾಗ ತಟ್ಟಿ ನೋಡ್ತೀವಲ್ಲ, ಹಾಗೆ. ಕುತ್ತಿಗೆ ಬಿರಿದದ್ದು ಒಂದು ಸೇರಿಕೊಂಡಿದ್ದರೂ ಇಡೀ ಬೊಗಸೆಯ ದನಿ ಒಡೆದುಹೋಗುತ್ತೆ. ನನಗೆ ಮೊದಲ ಒಂದು ಗಂಟೆ ಎಲ್ಲವೂ ಒಂದೇ ಥರ ಕೇಳಿಸಿದವು, ಆಮೇಲೆ ಇದ್ದಕ್ಕಿದ್ದ ಹಾಗೆ ಒಂದು ಮಂಕು ಸದ್ದು ಕಿವಿಗೆ ಚುಚ್ಚಿತು. ನಾಲ್ಕು ಖೋಖಾ ಒಂದೊಂದಾಗಿ ತೆಗೆದು ನೋಡಿದರೆ, ಮೂರನೆಯದರ ಕುತ್ತಿಗೆಯಲ್ಲಿ ಕೂದಲು ಬಿದ್ದ ಹಾಗೆ ಬಿರುಕು. ಪಟಾಕಿ ಹೊಡೆದ ಹಾಗೆ ಕೂಗಿಕೊಂಡೆ. ಅಕ್ಕ, "ಸಾಕು ಕಣೇ, ಚಿನ್ನದ ಗಣಿ ಸಿಕ್ಕಿಲ್ಲ" ಅಂದಳು. ಆದರೆ ನಗುತ್ತಿದ್ದಳು.

ಆಮೇಲೆ ಬುಡದಲ್ಲಿ, ಕಿಡಿ ಹೊತ್ತಿಸೋ ಪ್ರೈಮರ್ ಕೂರೋ ಗುಳಿ ಸಡಿಲ ಆಗಿದೆಯಾ ಅಂತ ಒಂದು ಅಳತೆ ಕಡ್ಡಿ ಹಾಕಿ ನೋಡೋದು. ಕೊನೆಗೆ ಸೈಕಲ್ ಕಡ್ಡಿ. ನಾನು ಎಳೆದದ್ದನ್ನೆಲ್ಲ ದೊಡ್ಡಪ್ಪ ಮತ್ತೆ ಎಳೆಯುತ್ತಿದ್ದರು. ನನ್ನ ಬೆರಳಿಗೆ ಆಳವಾದ ತಗ್ಗು ಮಾತ್ರ ಸಿಗುತ್ತಿತ್ತು. "ಒತ್ತಬ್ಯಾಡ," ಅನ್ನುತ್ತಿದ್ದರು. "ನೀನು ಒತ್ತಿದ್ರೆ ನಿನ್ನ ಮಾತೇ ನಿನಗೆ ಕೇಳ್ಸುತ್ತೆ."

ಶನಿವಾರ ಸಂಜೆಗೆ ಮೊರದಲ್ಲಿ ಉಳಿದದ್ದು ನಲವತ್ಮೂರು. ಪಂದ್ಯಕ್ಕೆ ನಲವತ್ತು. ಗುರಿ ಹೊಂದಿಸಿಕೊಳ್ಳೋಕೆ ಮೊದಲು ಹೊಡೆಯೋ ಗುಂಡುಗಳಿಗೆ ಉಳಿದದ್ದು ಮೂರೇ ಮೂರು. ಸಾಮಾನ್ಯವಾಗಿ ಅಕ್ಕ ಎಂಟೋ ಹತ್ತೋ ಹೊಡೀತಾಳೆ. "ಮೂರಲ್ಲಿ ಮಾಡ್ತೀನಿ ಬಿಡು," ಅಂದಳು. ಮುಖ ಗಟ್ಟಿಯಾಗಿತ್ತು.

ಮದ್ದು ತುಂಬೋಕೆ ಕ್ಲಬ್ಬಿಗೆ ಹೊರಡೋ ಮುಂಚೆ ಸುಮ್ಮನೆ, ಕೈಗೆ ಸಿಕ್ಕ ಒಂದರೊಳಗೆ ಕಡೇ ಸಲ ಕಡ್ಡಿ ಎಳೆದೆ. ಬುಡದಿಂದ ಮೇಲೆ ಬರ್ತಾ ಏನೋ ಆಯಿತು. ತಡೆ ಅಂತ ಹೇಳೋಕಾಗಲ್ಲ. ತಡೆಯ ನೆನಪು ಅನ್ನಬಹುದು. ಮತ್ತೆ ಎಳೆದೆ, ಇಲ್ಲ. ಮತ್ತೆ ಎಳೆದೆ, ಇದೆಯೇನೋ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳೀತಿರಲಿಲ್ಲ. ಗುರುವಾರದ ತಪ್ಪೇ ಇನ್ನೂ ನನ್ನ ತಲೆ ಮೇಲಿತ್ತು, ಇನ್ನೊಂದು ಖೋಖಾ ಕಮ್ಮಿ ಮಾಡೋಕೆ ಯಾವ ಮುಖ ಇಟ್ಟುಕೊಂಡು ಹೇಳಲಿ?

"ದೊಡ್ಡಪ್ಪ," ಅಂದೆ. "ಇದು ನೋಡಿ."

ಅವರು ಎಳೆದು ನೋಡಿದರು. ಎರಡು ಸಲ. "ನನಗೇನೂ ಸಿಗ್ತಾ ಇಲ್ಲ."

"ಹಾಗಾದ್ರೆ ನಂದೇ ಭ್ರಮೆ."

"ಇರಬಹುದು," ಅಂದರು. ಅಂದವರೇ ಇಕ್ಕಳ ತಗೊಂಡು ಆ ಖೋಖಾದ ಬಾಯನ್ನ ಚಪ್ಪಟೆ ಮಾಡಿಬಿಟ್ಟರು.

"ದೊಡ್ಡಪ್ಪ! ನಿಮಗೆ ಸಿಗಲಿಲ್ಲವಲ್ಲ!"

"ನಿನಗೆ ಸಿಕ್ತಲ್ಲ."

"ಕತ್ತರಿಸಿ ಆದ್ರೂ ನೋಡೋಣ. ಯಾರು ಸರಿ ಅಂತ ಗೊತ್ತಾಗಲಿ."

"ಗೊತ್ತಾಗಿ?" ಅಂದರು. "ಇಲ್ಲದ್ದನ್ನ ಐತೆ ಅಂದ್ರೆ ಒಂದು ಖೋಖಾ ಹೋಯ್ತು. ಇರೋದನ್ನ ಇಲ್ಲ ಅಂದ್ರೆ? ಹೊತ್ತಾಯ್ತು, ನಡೀರಿ."

ಅಕ್ಕ ಚಪ್ಪಟೆಯಾದ ಹಿತ್ತಾಳೆಯನ್ನ ನೋಡಿ, "ಒಂದು ಗುಂಡು ತಿಂದ್ಕೊಂಡ್ಬಿಟ್ಟೆ ಕಣೇ ನೀನು" ಅಂದಳು. ಆದರೆ ಉಳಿಸಿಕೊಳ್ಳೋಣ ಅಂತ ಅನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಕ್ವಾರಿಯೊಳಗೆ ಇನ್ನೂ ಮಂಜು. ಆಚೆ ಮಾಕಳಿದುರ್ಗದ ಬೆಟ್ಟಕ್ಕೆ ಹತ್ತೋ ಹುಡುಗ ಹುಡುಗಿಯರ ಕೂಗಾಟ ದೂರದಿಂದ ಕೇಳ್ತಿತ್ತು. ಅಕ್ಕ ಮಲಗಿ, ಕೆನ್ನೆಯನ್ನ ರೈಫಲ್ಲಿನ ಮರಕ್ಕೆ ಒತ್ತಿದಳು. ನಾನು ಹಿಂದೆ, ಗೆರೆಯಾಚೆ ನಿಂತಿದ್ದೆ. ಎಷ್ಟೋ ಪಂದ್ಯ ನೋಡಿದ್ದೀನಿ, ಗುರಿಹಲಗೆಯನ್ನೇ ನೋಡಿದ್ದೀನಿ. ಅವತ್ತು ಆ ಕಡೆ ಕಣ್ಣೇ ಹೋಗಲಿಲ್ಲ. ಬೋಲ್ಟು ಎಳೆದಾಗಲೆಲ್ಲ ಆಚೆ ಹಾರೋ ಹಿತ್ತಾಳೆ ಇಡಿಯಾಗಿ ಬಂತಾ ಅಂತ ಮಾತ್ರ ನೋಡುತ್ತಿದ್ದೆ. ಒಂದು. ಎರಡು. ಅಲ್ಲಿಗೆ ಹೊಂದಾಣಿಕೆಯ ಗುಂಡು ಮುಗಿದವು. ಪಂದ್ಯದ ಮೊದಲನೇ ಮೂರು ಸ್ವಲ್ಪ ಎಡಕ್ಕೆ ಬಿದ್ದವು ಅಂತ ಆಮೇಲೆ ತಿಳೀತು. ಪ್ರತಿ ಸಲವೂ ಆ ಲೋಹ ಉಬ್ಬಿ, ಬಾಗಿಲು ಮುಚ್ಚಿ, ಕುಗ್ಗಿ, ಹುಲ್ಲಿನ ಮೇಲೆ ಬಂದು ಹೊಗೆಯಾಡುತ್ತಾ ಬೀಳುತ್ತಿತ್ತು. ಕಣ್ಣು ಮಿಟುಕಿಸೋದರೊಳಗೆ ಇಷ್ಟು ಕೆಲಸ, ನಲವತ್ತೆರಡು ಸಲ, ಒಂದೂ ತಪ್ಪದೆ. ದೊಡ್ಡಪ್ಪ ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಂಡು ನಿಂತಿದ್ದರು, ಅವರೂ ಗುರಿಹಲಗೆ ನೋಡುತ್ತಿರಲಿಲ್ಲ.

ಒಂದು ಅಂಕದಲ್ಲಿ ಹೋಯಿತು. ಒಂದೇ ಒಂದು.

ವಾಪಸ್ ಬರೋವಾಗ ದೊಡ್ಡಪ್ಪ ಜೀಪು ಓಡಿಸುತ್ತಿದ್ದರು, ನಾವಿಬ್ಬರೂ ಹಿಂದೆ. ಚಪ್ಪಟೆಯಾದ ಖೋಖಾ ನನ್ನ ಜೇಬಿನಲ್ಲಿತ್ತು. ಇದು ಇದ್ದಿದ್ದರೆ ಮೂರನೇ ಗುಂಡು ಹೊಂದಿಸಿಕೊಳ್ಳೋಕೆ ಸಿಗುತ್ತಿತ್ತು, ಆಗ ಬಹುಶಃ ಎಡಕ್ಕೆ ಬೀಳುತ್ತಿರಲಿಲ್ಲ. ಹೇಳಲೇಬೇಕು ಅನ್ನಿಸಿತು.

"ಅಕ್ಕ, ನನ್ನಿಂದ ಹೋಯ್ತು. ಆ ಹುಣಸೆಹಣ್ಣು ಒಂದು. ಇದೊಂದು. ಮನೆಗೆ ಹೋಗಿ ಕತ್ತರಿಸಿ ನೋಡ್ತೀನಿ. ಗೆರೆ ಇಲ್ಲದಿದ್ರೆ ನೀನು ಎಷ್ಟು ಬೇಕಾದ್ರೂ ಬೈಯಿ."

ಅವಳು ಕಿಟಕಿಯಾಚೆ ದ್ರಾಕ್ಷಿ ಚಪ್ಪರಗಳನ್ನ ನೋಡುತ್ತಿದ್ದಳು. "ಹುಣಸೆಹಣ್ಣಿಗೆ ಬೈತೀನಿ," ಅಂದಳು. "ಸಾಯೋವರೆಗೂ ಬೈತೀನಿ. ಅದು ಬಿಡು." ಬಲಗೆನ್ನೆಯನ್ನ ಬೆರಳಿಂದ ಮುಟ್ಟಿಕೊಂಡಳು. ರೈಫಲ್ಲಿನ ಮರ ಒತ್ತಿದ ಕೆಂಪು ಇನ್ನೂ ಹಾಗೇ ಇತ್ತು. "ನಿನ್ನೆ ರಾತ್ರಿ ಅಪ್ಪನ ಕೆನ್ನೆ ಕಲೆ ನೆನೆದುಕೊಂಡು ಹೆದರಿದ್ದೆ ಕಣೇ. ಹೊಡೆಯೋಕೆ ಆಗುತ್ತೋ ಇಲ್ವೋ ಅಂತ. ನಲವತ್ತೆರಡು ಸಲ ಕೆನ್ನೆ ಇಟ್ಟೆ. ಒಂದು ಸಲಾನೂ ಖೋಖಾ ಬಗ್ಗೆ ಯೋಚನೇನೇ ಬರ್ಲಿಲ್ಲ."

ಮುಂದಿನ ಸೀಟಿನಲ್ಲಿ ದೊಡ್ಡಪ್ಪ ಹಂಪು ಬಂದದ್ದಕ್ಕೆ ಗೇರು ಬದಲಾಯಿಸಿದರು.

ಮನೆಗೆ ಬಂದ ಮೇಲೆ ಆ ಚಪ್ಪಟೆ ಖೋಖಾನ ಕತ್ತರಿಸಲಿಲ್ಲ. ಆಕ್ಸಾ ಬ್ಲೇಡು ಬೆಂಚಿನ ಮೇಲೇ ಇತ್ತು, ಎರಡು ನಿಮಿಷದ ಕೆಲಸ. ಯಾವ ವಾದದಲ್ಲೂ ತೀರ್ಪು ಕೇಳದೆ ಎದ್ದುಬಂದವಳಲ್ಲ ನಾನು, ಇದೊಂದನ್ನ ಬಿಟ್ಟು.

ಅದರ ಬದಲು ನಲವತ್ತೆರಡು ಖೋಖಾಗಳನ್ನ ಮೊರದಲ್ಲಿ ಹರಡಿಕೊಂಡು ಕೂತೆ. ಎಷ್ಟು ಸಲ ಹಾರಿವೆ ಅಂತ ಗೊತ್ತಿಲ್ಲದ ಮೇಲೆ ಚುಕ್ಕೆ ಎಷ್ಟು ಇಡಲಿ ಅಂತ ದೊಡ್ಡಪ್ಪನ್ನ ಕೇಳಿದೆ.

"ಗೊತ್ತಿಲ್ಲ ಅಂದ್ರೆ ಜಾಸ್ತಿ ಅಂತ್ಲೇ ಇಟ್ಕೋ," ಅಂದರು. "ಆರು ಇಡು. ಅಕ್ಕನ ಮುಂದಿನ ಪಂದ್ಯದ ಹೊತ್ತಿಗೆ ಇನ್ನೊಂದ್ಸಲ ಕಡ್ಡಿ ಹಾಕೋಣ. ನೀನೇ ಹಾಕು, ನಾನು ಆಮೇಲೆ ನೋಡ್ತೀನಿ."

ಒಂದೊಂದು ಬುಡಕ್ಕೂ ಆರಾರು ಚುಕ್ಕೆ ಇಟ್ಟೆ. ಎರಡು ಸಲ ಎಣಿಸಿ ಇಟ್ಟೆ.